ಮೊದಲು ಬೀಗವೋ, ಮೊದಲು ಹೆಸರೋ?

ಬ್ಯಾಂಕಿನ ಖಾತೆ ನೋಡುವಾಗ, ರೈಲಿನ ಟಿಕೆಟ್ ಕಾಯ್ದಿರಿಸುವಾಗ, ಮಕ್ಕಳ ಪರೀಕ್ಷೆಯ ಫಲಿತಾಂಶ ಹುಡುಕುವಾಗ ಜಾಲತಾಣದ ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿಎಸ್’ ಎಂಬ ಅಕ್ಷರಗಳು ಇರುವುದನ್ನು ಬಹಳ ಮಂದಿ ನೋಡಿರುತ್ತಾರೆ. ಕೊನೆಯ ‘ಎಸ್’ ಎಂದರೆ ಸುರಕ್ಷಿತ ಎಂದರ್ಥ. ಬಹುಕಾಲ ಅದರ ಪಕ್ಕದಲ್ಲಿ ಬೀಗದ ಪುಟ್ಟ ಚಿತ್ರವೂ ಇರುತ್ತಿತ್ತು. ಇಂದು ಸಣ್ಣ ಊರಿನ ಗ್ರಂಥಾಲಯದ ತಾಣಕ್ಕೂ ಈ ಬೀಗ ಬಿಟ್ಟಿಯಾಗಿ ಸಿಗುತ್ತದೆ. ಆದರೆ ಸುಮಾರು 20 ವರ್ಷಗಳ ಕಾಲ ಅದು ಹಣವಿದ್ದವರ ಸೊತ್ತಾಗಿತ್ತು. ಅದಕ್ಕೆ ಕಾರಣವಾದ ತೊಡಕುಗಳಲ್ಲಿ ಒಂದು ಬಹಳ ಚಿಕ್ಕದು: ಬೀಗ ಹಾಕುವುದು ಮೊದಲೋ, ಹೆಸರು ಹೇಳುವುದು ಮೊದಲೋ ಎಂಬ ಪ್ರಶ್ನೆ.

ಹಳೆಯ ಬೆಂಗಳೂರು, ಮೈಸೂರುಗಳ ವಠಾರಗಳನ್ನು ನೆನೆದರೆ ಈ ತೊಡಕು ಸುಲಭವಾಗಿ ಅರ್ಥವಾಗುತ್ತದೆ. ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು. ಒಳಗೆ ಹತ್ತು ಸಂಸಾರ. ಅಂಚೆಯವನು ತಂದ ಪತ್ರ ಯಾರ ಮನೆಗೆ ಎಂಬುದು ಲಕೋಟೆಯ ಮೇಲಿನ ಹೆಸರಿನಿಂದ ಮಾತ್ರ ತಿಳಿಯುತ್ತದೆ. ಆ ಹೆಸರನ್ನು ಲಕೋಟೆಯ ಒಳಗೆ ಬರೆದು ಅರಗಿನ ಮುದ್ರೆ ಒತ್ತಿದರೆ? ಲಕೋಟೆ ಒಡೆಯುವ ಹಕ್ಕು ಹೆಸರಿನವರಿಗೆ ಮಾತ್ರ. ಹೆಸರು ಯಾರದೆಂದು ತಿಳಿಯಬೇಕಾದರೆ ಲಕೋಟೆ ಒಡೆಯಬೇಕು. ಅಂತರ್ಜಾಲದ ಎಂಜಿನಿಯರುಗಳು 1990ರ ದಶಕದ ಕೊನೆಯಲ್ಲಿ ಸಿಕ್ಕಿಬಿದ್ದದ್ದು ಇಂಥದೇ ಇಕ್ಕಟ್ಟಿನಲ್ಲಿ.

ಪ್ರತಿನಿಧಿಯ ಹುಟ್ಟು

ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದು ಜಿನೀವಾದ ಬಳಿಯ ಸರ್ನ್ ಭೌತವಿಜ್ಞಾನ ಕೇಂದ್ರದಲ್ಲಿ. ಟಿಮ್ ಬರ್ನರ್ಸ್ ಲೀ 1989ರಲ್ಲಿ ಇದರ ಪ್ರಸ್ತಾವ ಸಲ್ಲಿಸಿದರು. 1991ರ ವೇಳೆಗೆ ಅದು ಹೊರಜಗತ್ತಿಗೆ ಪರಿಚಯವಾಯಿತು. ವಿಜ್ಞಾನಿಗಳು ತಮ್ಮತಮ್ಮಲ್ಲಿ ಲೇಖನ ಹಂಚಿಕೊಳ್ಳಲು ಮಾಡಿಕೊಂಡ ಏರ್ಪಾಡು ಅದು. ಅದರಲ್ಲಿ ಬೀಗವೂ ಇರಲಿಲ್ಲ, ಬೀಗ ಬೇಕೆಂದು ಯಾರಿಗೂ ತೋಚಿರಲೂ ಇಲ್ಲ. ಬ್ರೌಸರ್ ಸರ್ವರ್‌ಗೆ ಕೇಳುತ್ತಿದ್ದುದು ‘ಇಂಥ ಪುಟ ಕೊಡು’ ಎಂದಷ್ಟೇ. ಯಾವ ತಾಣದ ಪುಟ ಎಂದು ಹೇಳುವ ಅಗತ್ಯವೇ ಇರಲಿಲ್ಲ. ಒಂದು ಯಂತ್ರಕ್ಕೆ ಒಂದು ಅಂಕಿಯ ವಿಳಾಸ, ಆ ವಿಳಾಸಕ್ಕೆ ಒಂದು ತಾಣ ಎಂಬುದೇ ಆಗಿನ ಲೆಕ್ಕ.

1994ರಲ್ಲಿ ಜಿನೀವಾದಲ್ಲಿ ವೆಬ್ ಕುರಿತು ನಡೆದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಸರ್ನ್‌ನ ಆರಿ ಲುವೊಟೊನೆನ್ ಮತ್ತು ಇಂಟೆಲ್ ಕಂಪೆನಿಯ ಕೆವಿನ್ ಆಲ್ಟಿಸ್ ಪ್ರಾಕ್ಸಿ ಸರ್ವರ್ ಬಗ್ಗೆ ಪ್ರಬಂಧ ಮಂಡಿಸಿದರು. ಕಾಲೇಜಿನಲ್ಲಿ ಗೆಳೆಯನ ಪರವಾಗಿ ಹಾಜರಿ ಕೂಗುವುದನ್ನು ‘ಪ್ರಾಕ್ಸಿ ಹೊಡೆಯುವುದು’ ಎನ್ನುತ್ತಾರಲ್ಲ, ಅರ್ಥ ಅದೇ: ಒಬ್ಬರ ಪರವಾಗಿ ಇನ್ನೊಬ್ಬರು ಮಾತನಾಡುವುದು. ಆಗ ಪ್ರಾಕ್ಸಿ ಮಾತನಾಡುತ್ತಿದ್ದುದು ಕಚೇರಿಯೊಳಗಿನ ಬಳಕೆದಾರರ ಪರವಾಗಿ. ಮುಂದೆ ಇದೇ ಉಪಾಯ ತಿರುವುಮುರುವಾಗಿಯೂ ಬಳಕೆಗೆ ಬಂತು. ಹತ್ತಾರು ತಾಣಗಳ ಪರವಾಗಿ ಒಂದೇ ಯಂತ್ರ ಮುಂಬಾಗಿಲಲ್ಲಿ ನಿಂತು, ಬಂದವರನ್ನು ವಿಚಾರಿಸಿ, ಒಳಗಿನ ಸರಿಯಾದ ಸರ್ವರ್‌ಗೆ ಕಳುಹಿಸುವ ವ್ಯವಸ್ಥೆ ಅದು. ಇದಕ್ಕೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು. ನಮ್ಮ ವಠಾರದ ಬಾಗಿಲು ಕಾಯುವವನು ಈತನೇ.

ಬೀಗ ಬಂತು

ವ್ಯಾಪಾರ ವೆಬ್ಬಿಗೆ ಕಾಲಿಟ್ಟೊಡನೆ ಬೀಗದ ಅಗತ್ಯ ಬಿತ್ತು. ಜಿಮ್ ಕ್ಲಾರ್ಕ್ ಮತ್ತು ಮಾರ್ಕ್ ಆಂಡ್ರೀಸನ್ 1994ರಲ್ಲಿ ಕಟ್ಟಿದ ನೆಟ್‌ಸ್ಕೇಪ್ ಕಂಪೆನಿ ಎಸ್‌ಎಸ್‌ಎಲ್ ಎಂಬ ಗೂಢಲಿಪಿ ವ್ಯವಸ್ಥೆಯನ್ನು ರೂಪಿಸಿತು. ಹೊರಗಿನವರ ಕೈಗೆ ಸಿಕ್ಕ ಮೊದಲ ಆವೃತ್ತಿ 2.0, ಬಂದದ್ದು 1995ರಲ್ಲಿ. ಭಾರತದ ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಅಂತರ್ಜಾಲ ಸಂಪರ್ಕ ಒದಗಿಸಲು ತೊಡಗಿದ್ದೂ ಅದೇ ವರ್ಷದ ಆಗಸ್ಟ್ 15ರಂದು.

ಈ ಬೀಗದ ಕೆಲಸ ಎರಡು. ಒಂದು, ದಾರಿಯಲ್ಲಿ ಕದ್ದು ನೋಡುವವರಿಗೆ ಮಾತು ಅರ್ಥವಾಗದಂತೆ ಮಾಡುವುದು. ಇನ್ನೊಂದು, ಆ ಕಡೆ ಇರುವುದು ನಿಜವಾಗಿಯೂ ನಾವು ಬಯಸಿದ ತಾಣವೇ ಎಂದು ಖಾತರಿ ಕೊಡುವುದು. ಎರಡನೆಯದಕ್ಕಾಗಿ ಸರ್ವರ್ ಮೊದಲಿಗೇ ಒಂದು ಪ್ರಮಾಣಪತ್ರವನ್ನು ಮುಂದೆ ಮಾಡುತ್ತದೆ. ‘ಈ ಕೀಲಿ ಇಂಥ ಹೆಸರಿನ ಡೊಮೈನ್‌ಗೆ ಸೇರಿದ್ದು’ ಎಂದು ನಂಬಿಕಸ್ಥ ಸಂಸ್ಥೆಯೊಂದು ರುಜು ಹಾಕಿದ ಪತ್ರ ಅದು. ಬ್ರೌಸರ್ ಆ ಹೆಸರನ್ನೂ ತಾನು ಹುಡುಕುತ್ತಿರುವ ಹೆಸರನ್ನೂ ತಾಳೆ ನೋಡುತ್ತದೆ. ಹೊಂದಿದರೆ ಇಬ್ಬರೂ ಒಂದು ಗುಟ್ಟಿನ ಕೀಲಿಯನ್ನು ಒಪ್ಪಿಕೊಂಡು ಮಾತು ಶುರು ಮಾಡುತ್ತಾರೆ. ಹೊಂದದಿದ್ದರೆ ಎಚ್ಚರಿಕೆಯ ಪುಟ ಮೂಡುತ್ತದೆ.

ಮೊದಲ ಬೀಗಗಳು ಗಟ್ಟಿಯಾಗೇನೂ ಇರಲಿಲ್ಲ. 1995ರ ಸೆಪ್ಟೆಂಬರಿನಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್, ನೆಟ್‌ಸ್ಕೇಪ್ ಬ್ರೌಸರಿನ ಗುಟ್ಟಿನ ಕೀಲಿಯನ್ನು ಊಹಿಸಬಹುದೆಂದು ತೋರಿಸಿಕೊಟ್ಟರು. 1996ರಲ್ಲಿ ಎಸ್‌ಎಸ್‌ಎಲ್ 3.0 ಬಂತು. 1999ರಲ್ಲಿ ಅದರ ಉತ್ತರಾಧಿಕಾರಿಯಾಗಿ ಟಿಎಲ್‌ಎಸ್ 1.0 ಪ್ರಕಟವಾಯಿತು. ಬೀಗ ದಿನೇ ದಿನೇ ಗಟ್ಟಿಯಾಯಿತು. ಆದರೆ ಅದನ್ನು ಹಾಕುವ ಕ್ರಮದಲ್ಲಿದ್ದ ತೊಡಕು ಹಾಗೇ ಉಳಿಯಿತು.

ಮದುವೆ ಮತ್ತು ಹುಚ್ಚು

ತಾಣಗಳ ಸಂಖ್ಯೆ ಏರಿದಂತೆ ಒಂದೇ ಯಂತ್ರದಲ್ಲಿ, ಒಂದೇ ಅಂಕಿ ವಿಳಾಸದಲ್ಲಿ ಅನೇಕ ತಾಣಗಳನ್ನು ಇಡಬೇಕಾಗಿ ಬಂತು. ಅದಕ್ಕೆ ಅನುಕೂಲವಾಗುವಂತೆ 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿ ‘ಹೋಸ್ಟ್’ ಎಂಬ ಸಾಲನ್ನು ಕಡ್ಡಾಯ ಮಾಡಿತು. ಪುಟ ಕೇಳುವ ಪ್ರತಿ ಬ್ರೌಸರ್ ತನಗೆ ಬೇಕಾದ ತಾಣದ ಹೆಸರನ್ನೂ ಹೇಳಬೇಕು. ಬೀಗವಿಲ್ಲದ ತಾಣಗಳ ಮಟ್ಟಿಗೆ ಸಮಸ್ಯೆ ಇಲ್ಲಿಗೇ ಮುಗಿಯಿತು. ಸಾವಿರ ತಾಣಗಳು ಒಂದೇ ವಿಳಾಸದಲ್ಲಿ ನೆಮ್ಮದಿಯಾಗಿ ಬಾಳತೊಡಗಿದವು.

ಬೀಗವಿರುವ ತಾಣಗಳ ಕಥೆ ಬೇರೆ. ‘ಹೋಸ್ಟ್’ ಸಾಲು ಹೋಗುವುದು ಬೀಗ ಬಿದ್ದ ಮೇಲೆ, ಗೂಢಲಿಪಿಯ ಒಳಗೆ. ಬೀಗ ಬೀಳಬೇಕಾದರೆ ಅದಕ್ಕೂ ಮುಂಚೆ ಸರ್ವರ್ ಪ್ರಮಾಣಪತ್ರ ತೋರಿಸಬೇಕು. ಯಾವ ತಾಣದ ಪತ್ರ ತೋರಿಸಬೇಕೆಂದು ತಿಳಿಯಬೇಕಾದರೆ ಹೆಸರು ಗೊತ್ತಿರಬೇಕು. ಹೆಸರಾದರೋ ಬೀಗದ ಒಳಗಿದೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹೀಗಾಗಿ ಬೀಗ ಬೇಕೆಂದ ಪ್ರತಿಯೊಂದು ಡೊಮೈನ್‌ಗೂ ಪ್ರತ್ಯೇಕ ಅಂಕಿ ವಿಳಾಸ ಕೊಡುವುದೇ ರೂಢಿಯಾಯಿತು. ಇಂಥ ವಿಳಾಸಗಳು ಅಕ್ಷಯಪಾತ್ರೆಯಲ್ಲ. 1981ರ ನಿಯಮದಂತೆ ರೂಪಿಸಿದ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 429 ಕೋಟಿ. ಅದರಲ್ಲಿ ದೊಡ್ಡ ಭಾಗ ಮೊದಲೇ ಹಂಚಿಹೋಗಿತ್ತು. ಪ್ರತ್ಯೇಕ ವಿಳಾಸಕ್ಕೆ ಪ್ರತ್ಯೇಕ ಬಾಡಿಗೆ. ಹೆಸರಾಂತ ಸಂಸ್ಥೆಗಳ ಪ್ರಮಾಣಪತ್ರಕ್ಕೆ ವರ್ಷಕ್ಕೆ ನೂರಾರು ಡಾಲರ್ ಶುಲ್ಕ. ಬ್ಯಾಂಕುಗಳಿಗೆ, ದೊಡ್ಡ ಅಂಗಡಿಗಳಿಗೆ ಇದು ಹೊರೆಯಲ್ಲ. ಸಣ್ಣ ಪತ್ರಿಕೆ, ಶಾಲೆ, ಸಂಘ, ಚರ್ಚಾವೇದಿಕೆಗಳಿಗೆ ಎಟುಕದ ಮಾತು. ಅಲ್ಲಿ ಸದಸ್ಯರು ಟೈಪಿಸಿದ ಗುಪ್ತಪದ ಬರಿಯ ಪೋಸ್ಟ್ ಕಾರ್ಡಿನಂತೆ ಊರೂರು ಸುತ್ತಿ ಹೋಗುತ್ತಿತ್ತು.

ಎರಡು ಪರಿಹಾರ, ಒಂದು ಗೆಲುವು

ಇಕ್ಕಟ್ಟಿನಿಂದ ಪಾರಾಗಲು ಎರಡು ದಾರಿ ತೋರಿದವು. ಮೊದಲನೆಯದು 2000ದ ಮೇ ತಿಂಗಳಲ್ಲಿ ಪ್ರಕಟವಾದ ಒಂದು ನಿಯಮ. ಮೊದಲು ಬೀಗವಿಲ್ಲದೆಯೇ ಮಾತು ಆರಂಭಿಸುವುದು, ಹೆಸರು ಹೇಳುವುದು, ಆಮೇಲೆ ‘ಇನ್ನು ಬೀಗ ಹಾಕೋಣ’ ಎಂದು ಒಪ್ಪಿಕೊಳ್ಳುವುದು. ಕೇಳಲು ಸರಳ. ಆದರೆ ನಡುವೆ ಕೂತ ಕಿಡಿಗೇಡಿ ಆ ಕೊನೆಯ ಮಾತನ್ನೇ ಅಳಿಸಿಬಿಟ್ಟರೆ ಬೀಗ ಬೀಳುವುದೇ ಇಲ್ಲ. ಬ್ರೌಸರ್ ತಯಾರಕರು ಈ ದಾರಿಯನ್ನು ಹಿಡಿಯಲಿಲ್ಲ.

ಎರಡನೆಯದು 2003ರ ಜೂನ್‌ನಲ್ಲಿ ಬಂತು. ಬೀಗ ಹಾಕುವ ಮಾತುಕತೆಯ ಮೊಟ್ಟಮೊದಲ ಸಂದೇಶದಲ್ಲಿಯೇ ಬ್ರೌಸರ್ ತಾಣದ ಹೆಸರನ್ನು ಬಹಿರಂಗವಾಗಿ ಹೇಳಿಬಿಡುವುದು. ಲಕೋಟೆಯ ಮೇಲೆ ಹೆಸರು, ಒಳಗೆ ಪತ್ರ. ಸರ್ವರ್ ನೇಮ್ ಇಂಡಿಕೇಷನ್, ಸಂಕ್ಷೇಪವಾಗಿ ಎಸ್‌ಎನ್‌ಐ, ಎಂಬುದು ಇದರ ಹೆಸರು. ಮುಂಬಾಗಿಲ ಪ್ರಾಕ್ಸಿ ಆ ಹೆಸರನ್ನು ಓದಿ, ತಕ್ಕ ಪ್ರಮಾಣಪತ್ರ ತೆಗೆದು ತೋರಿಸಿದರಾಯಿತು. ಒಂದೇ ವಿಳಾಸದಲ್ಲಿ ಎಷ್ಟು ಡೊಮೈನ್‌ಗಳಿಗೆ ಬೇಕಾದರೂ ಬೇರೆಬೇರೆ ಬೀಗ.

ಇದರಲ್ಲಿ ಕನ್ನಡಕ್ಕೂ ಸಂಬಂಧಿಸಿದ ಒಂದು ಸ್ವಾರಸ್ಯವಿದೆ. ಕನ್ನಡ ಲಿಪಿಯ ‘.ಭಾರತ’ ಎಂಬ ಡೊಮೈನ್ ಈಗ ಬಳಕೆಯಲ್ಲಿದೆ. ಆದರೆ ಎಸ್‌ಎನ್‌ಐ ಹೇಳುವ ಹೆಸರು ರೋಮನ್ ಅಕ್ಷರ, ಅಂಕಿಗಳಲ್ಲಿಯೇ ಇರಬೇಕು. ಕನ್ನಡದ ಹೆಸರು ತೆರೆಯ ಮೇಲೆ ಕನ್ನಡವಾಗಿಯೇ ಕಂಡರೂ, ಬ್ರೌಸರ್ ಅದನ್ನು ಸಂಕೇತರೂಪದ ರೋಮನ್ ಅಕ್ಷರಗಳಿಗೆ ತಿರುಗಿಸಿ ಬಾಗಿಲಲ್ಲಿ ಉಸುರುತ್ತದೆ. ಪ್ರಾಕ್ಸಿಯ ಕಡತದಲ್ಲಿಯೂ ಸಾಮಾನ್ಯವಾಗಿ ಅದೇ ರೂಪದಲ್ಲಿ ಬರೆದಿಡುತ್ತಾರೆ.

ಪೂಜಾರಿ ಕೊಡದ ವರ

ನಿಯಮ ಬಂದ ಮಾತ್ರಕ್ಕೆ ಕೆಲಸವಾಗಲಿಲ್ಲ. ಬಹುಪಾಲು ಸರ್ವರ್‌ಗಳು ಬೀಗಕ್ಕಾಗಿ ನೆಚ್ಚಿಕೊಂಡಿದ್ದ ಓಪನ್ ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ಎಸ್‌ಎನ್‌ಐ ಸೇರಿದ್ದು 2007ರಲ್ಲಿ. ರಷ್ಯದ ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ್ದ ಎಂಜಿನ್ ಎಕ್ಸ್ ಎಂಬ ಸರ್ವರ್ ಮತ್ತು ಪ್ರಾಕ್ಸಿ ಅದೇ ವರ್ಷ ಅದನ್ನು ಅಳವಡಿಸಿಕೊಂಡಿತು. ಹೆಸರಾಂತ ಅಪಾಚೆ ಸರ್ವರ್‌ಗೆ 2009 ಬರಬೇಕಾಯಿತು.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ನಿಜವಾದ ಅಡ್ಡಿ ಬಳಕೆದಾರರ ಕಡೆಯಲ್ಲಿತ್ತು. ಫೈರ್‌ಫಾಕ್ಸ್ 2006ರಲ್ಲೇ ಸಿದ್ಧವಾಗಿತ್ತು. ಮೈಕ್ರೋಸಾಫ್ಟ್ ತನ್ನ ವಿಸ್ಟಾದಲ್ಲಿ ಈ ಸೌಲಭ್ಯ ಕೊಟ್ಟಿತು. ಆದರೆ ವಿಂಡೋಸ್ ಎಕ್ಸ್‌ಪಿಯಲ್ಲಿ ನಡೆಯುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಅದು ಕೊನೆಗೂ ಸಿಗಲೇ ಇಲ್ಲ. ನಮ್ಮ ಸೈಬರ್ ಕೆಫೆ, ಕಚೇರಿಗಳಲ್ಲಿ ಎಕ್ಸ್‌ಪಿ ಎಷ್ಟು ಕಾಲ ಬೇರೂರಿತ್ತೆಂಬುದು ಆ ಕಾಲದವರಿಗೆಲ್ಲ ಗೊತ್ತು. ಹಳೆಯ ಆಂಡ್ರಾಯ್ಡ್ ಫೋನುಗಳ ಬ್ರೌಸರ್ ಕಥೆಯೂ ಅದೇ. ಇಂಥ ಗ್ರಾಹಕರು ಬಾಗಿಲಿಗೆ ಬಂದು ಹೆಸರು ಹೇಳದೆ ನಿಲ್ಲುತ್ತಿದ್ದರು. ಪ್ರಾಕ್ಸಿ ಯಾವುದೋ ಒಂದು ಪತ್ರ ತೋರಿಸುತ್ತಿತ್ತು. ಬ್ರೌಸರ್ ‘ಮೋಸವಿರಬಹುದು’ ಎಂದು ಕೂಗಿಕೊಳ್ಳುತ್ತಿತ್ತು. ಗ್ರಾಹಕರನ್ನು ಹೆದರಿಸಿ ಕಳಿಸಲು ಯಾವ ವ್ಯಾಪಾರಿ ತಾನೇ ಒಪ್ಪುತ್ತಾನೆ?

ಆ ನಡುವೆ ಬೀಗವಿಲ್ಲದಿರುವುದರ ಅಪಾಯ ಎಲ್ಲರ ಕಣ್ಣಿಗೆ ಬಿತ್ತು. 2010ರ ಅಕ್ಟೋಬರಿನಲ್ಲಿ ಅಮೆರಿಕದ ಎರಿಕ್ ಬಟ್ಲರ್ ‘ಫೈರ್‌ಶೀಪ್’ ಎಂಬ ಪುಟ್ಟ ತಂತ್ರಾಂಶ ಬಿಡುಗಡೆ ಮಾಡಿದರು. ಹೋಟೆಲಿನ ಮುಕ್ತ ವೈಫೈನಲ್ಲಿ ಕುಳಿತ ಯಾರು ಬೇಕಾದರೂ ಪಕ್ಕದವರ ಫೇಸ್‌ಬುಕ್ ಖಾತೆಯೊಳಗೆ ಹೊಕ್ಕುಬಿಡಬಹುದೆಂದು ಅದು ತೋರಿಸಿತು. ಕಳ್ಳತನ ಕಲಿಸುವುದು ಅವರ ಉದ್ದೇಶವಾಗಿರಲಿಲ್ಲ, ಕಂಪೆನಿಗಳನ್ನು ಎಚ್ಚರಿಸುವುದಾಗಿತ್ತು. ಮರುವರ್ಷ, 2011ರ ಫೆಬ್ರುವರಿ 3ರಂದು, ಅಂಕಿ ವಿಳಾಸಗಳ ಕೇಂದ್ರ ದಾಸ್ತಾನಿನ ಕೊನೆಯ ಕಂತುಗಳೂ ವಿಶ್ವದ 5 ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿಹೋದವು. ಎಲ್ಲರಿಗೂ ಬೀಗ ಬೇಕು, ಆದರೆ ಎಲ್ಲರಿಗೂ ವಿಳಾಸವಿಲ್ಲ. ಎಸ್‌ಎನ್‌ಐ ಬಿಟ್ಟರೆ ಬೇರೆ ದಾರಿ ಉಳಿಯಲಿಲ್ಲ.

ಬೀಗ ಬಿಟ್ಟಿಯಾದದ್ದು

2014 ಈ ಕಥೆಯ ತಿರುವು. ಆ ವರ್ಷದ ಏಪ್ರಿಲ್ 8ರಂದು ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿತು. ಜೂನ್‌ನಲ್ಲಿ ಫ್ರಾನ್ಸಿನ ವಿಲ್ಲಿ ತಾರೋ ಅವರ ಎಚ್‌ಎ ಪ್ರಾಕ್ಸಿ, 1.5ನೇ ಆವೃತ್ತಿಯಲ್ಲಿ, ಬೀಗ ಹಾಕುವ ಕೆಲಸವನ್ನು ತಾನೇ ಮಾಡತೊಡಗಿತು. ಸೆಪ್ಟೆಂಬರಿನಲ್ಲಿ ಕ್ಲೌಡ್‌ಫ್ಲೇರ್ ಎಂಬ ಪ್ರಾಕ್ಸಿ ಕಂಪೆನಿ ತನ್ನ ಉಚಿತ ಗ್ರಾಹಕರಿಗೂ, ಅಂದರೆ ಸುಮಾರು 20 ಲಕ್ಷ ತಾಣಗಳಿಗೆ, ಬೀಗ ಒದಗಿಸುವುದಾಗಿ ಸಾರಿತು. ಎಸ್‌ಎನ್‌ಐ ಇಲ್ಲದೆ ಇದು ಆಗುತ್ತಿರಲಿಲ್ಲ.

ಉಳಿದದ್ದು ಪ್ರಮಾಣಪತ್ರದ ಬೆಲೆ. ಮೊಜಿಲ್ಲಾ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ತಜ್ಞರ ಪ್ರಯತ್ನದಿಂದ ಹುಟ್ಟಿದ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ 2015ರ ಡಿಸೆಂಬರಿನಿಂದ ಸಾರ್ವಜನಿಕರಿಗೆ ಉಚಿತ ಪ್ರಮಾಣಪತ್ರ ಕೊಡತೊಡಗಿತು. 2020ರ ಫೆಬ್ರುವರಿಯ ಹೊತ್ತಿಗೆ ಹೀಗೆ ಕೊಟ್ಟ ಪತ್ರಗಳ ಸಂಖ್ಯೆ 100 ಕೋಟಿ ಮುಟ್ಟಿತು. ಫೈರ್‌ಫಾಕ್ಸ್ ಬಳಕೆದಾರರು ತೆರೆಯುವ ಪುಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೀಗವಿದ್ದವೇ ಆದದ್ದು 2017ರ ಜನವರಿಯಲ್ಲಿ.

ಇಂದು ಪ್ರಾಕ್ಸಿ ನೋಡಿಕೊಳ್ಳುವ ಆಡಳಿತಗಾರ ಬರೆಯುವ ಕಡತವೆಂದರೆ ವಠಾರದ ಬಾಡಿಗೆದಾರರ ಪಟ್ಟಿಯೇ. ಪ್ರತಿ ಡೊಮೈನ್‌ನ ಹೆಸರಿನ ಕೆಳಗೆ ನಾಲ್ಕಾರು ಸಾಲುಗಳು: ಇದರ ಪ್ರಮಾಣಪತ್ರ ಎಲ್ಲಿದೆ, ಗುಟ್ಟಿನ ಕೀಲಿ ಎಲ್ಲಿದೆ, ಬೀಗದ ಯಾವ ಆವೃತ್ತಿಗಳನ್ನು ಒಪ್ಪಬೇಕು, ಯಾವ ಗೂಢಲಿಪಿಗಳನ್ನು ಬಳಸಬೇಕು, ಬಂದವರನ್ನು ಒಳಗಿನ ಯಾವ ಸರ್ವರ್‌ಗೆ ಕಳಿಸಬೇಕು. ಎಲ್ಲರಿಗೂ ಒಂದೇ ನಿಯಮ ಸಾಲದು. ಕಾರ್ಡ್ ಹಣ ಪಾವತಿಯ ಉದ್ಯಮ 2018ರ ಜೂನ್ 30ರೊಳಗೆ ಹಳೆಯ ಟಿಎಲ್‌ಎಸ್ 1.0 ಕೈಬಿಡಬೇಕೆಂದು ತನ್ನವರಿಗೆ ಕಟ್ಟುನಿಟ್ಟು ಮಾಡಿತು. ಹಳೆಯ ಫೋನಿನವರೇ ಹೆಚ್ಚಾಗಿ ಬರುವ ಮಾಹಿತಿ ತಾಣಕ್ಕೆ ಅಷ್ಟೇ ಬಿಗಿ ಮಾಡಿದ್ದರೆ ಬಡವರೇ ಬಾಗಿಲ ಹೊರಗೆ ಉಳಿಯುತ್ತಿದ್ದರು. ಈ ತೂಗುನೋಟವೇ ಡೊಮೈನ್‌ವಾರು ಏರ್ಪಾಡಿನ ತಿರುಳು.

ಇಲ್ಲಿಯೂ ಹಳೆಯ ತೊಡಕು ಇಣುಕದೆ ಬಿಡಲಿಲ್ಲ. ಎಂಜಿನ್ ಎಕ್ಸ್‌ನಲ್ಲಿ ಒಂದೇ ವಿಳಾಸದ ಎರಡು ತಾಣಗಳಿಗೆ ಬೇರೆಬೇರೆ ಪ್ರಮಾಣಪತ್ರ ಬರೆದರೆ ಅದು ನಡೆಯುತ್ತಿತ್ತು. ಬೇರೆಬೇರೆ ಟಿಎಲ್‌ಎಸ್ ಆವೃತ್ತಿ ಬರೆದರೆ ಮಾತ್ರ ಬಹುಕಾಲ ನಡೆಯಲಿಲ್ಲ; ಆ ವಿಳಾಸದ ಮುಖ್ಯ ತಾಣದ ನಿಯಮವೇ ಎಲ್ಲರಿಗೂ ಅನ್ವಯವಾಗಿಬಿಡುತ್ತಿತ್ತು. ಕಾರಣ ಮತ್ತೆ ಅದೇ: ಹೆಸರು ಕಿವಿಗೆ ಬೀಳುವ ಮೊದಲೇ ಆವೃತ್ತಿಯ ತೀರ್ಮಾನ ಆಗಿಹೋಗಿರುತ್ತಿತ್ತು. ಬಿಗಿ ಮಾಡಿದ್ದೇನೆ ಎಂದು ಆಡಳಿತಗಾರ ನಂಬಿದ್ದ ತಾಣದ ಬಾಗಿಲು ವಾಸ್ತವದಲ್ಲಿ ಅರೆ ತೆರೆದೇ ಇರಬಹುದಾಗಿತ್ತು.

ಹೆಸರು ಕೂಗಿದ್ದಕ್ಕೆ ತೆತ್ತ ಬೆಲೆ

ಲಕೋಟೆಯ ಮೇಲೆ ಹೆಸರು ಬರೆದರೆ ಅದನ್ನು ಓದುವುದು ಅಂಚೆಯವನು ಮಾತ್ರವಲ್ಲ. ದಾರಿಯುದ್ದಕ್ಕೂ ಎಲ್ಲರೂ ಓದಬಹುದು. ಮೊದಮೊದಲು ಇದನ್ನು ಯಾರೂ ದೊಡ್ಡದು ಮಾಡಲಿಲ್ಲ. ಆಗ ಪ್ರಮಾಣಪತ್ರವೂ ಬಹಿರಂಗವಾಗಿಯೇ ಬರುತ್ತಿತ್ತು; ತಾಣಕ್ಕೊಂದು ವಿಳಾಸ ಇದ್ದಾಗ ವಿಳಾಸವೇ ಗುಟ್ಟು ಬಿಟ್ಟುಕೊಡುತ್ತಿತ್ತು. 2018ರ ಆಗಸ್ಟ್‌ನಲ್ಲಿ ಟಿಎಲ್‌ಎಸ್ 1.3 ಪ್ರಮಾಣಪತ್ರವನ್ನೂ ಗೂಢಲಿಪಿಯ ಒಳಗೆ ಸೇರಿಸಿತು. ಆಗ ಬೀಗದ ಮಾತುಕತೆಯಲ್ಲಿ ಹೊರಗೆ ಉಳಿದು ಎದ್ದುಕಂಡದ್ದು ಎಸ್‌ಎನ್‌ಐ ಹೇಳುವ ಹೆಸರು.

2019ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾ ಈ ಹೆಸರನ್ನು ನೋಡಿ ತಾಣಗಳನ್ನು ತಡೆಯಲು ತೊಡಗಿತು. ಅದೇ ವರ್ಷ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯ ಸಂಶೋಧಕರು ಭಾರತದಲ್ಲಿಯೂ ರಿಲಯನ್ಸ್ ಜಿಯೊ ಜಾಲದಲ್ಲಿ ಎಸ್‌ಎನ್‌ಐ ಗಮನಿಸಿ ಸಂಪರ್ಕ ಕಡಿಯುತ್ತಿರುವುದನ್ನು ಪರೀಕ್ಷೆಗಳಿಂದ ಕಂಡುಕೊಂಡರು. ಕಾನೂನಿನ ಪ್ರಕಾರ ತಡೆಯುವ ಆದೇಶ ಹೊರಡಿಸುವ ಅಧಿಕಾರ ಸರ್ಕಾರಕ್ಕೆ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ 2009ರಲ್ಲಿ ಮಾಡಿದ ನಿಯಮಗಳು ಇಂಥ ಆದೇಶಗಳನ್ನು ಗೋಪ್ಯವಾಗಿಡುತ್ತವೆ. ಬೀಗವಿಲ್ಲದ ತಾಣವನ್ನು ತಡೆದಾಗ ‘ಸರ್ಕಾರದ ಆದೇಶದಂತೆ ತಡೆಹಿಡಿಯಲಾಗಿದೆ’ ಎಂಬ ಫಲಕವನ್ನಾದರೂ ತೋರಿಸಬಹುದು. ಬೀಗವಿರುವ ಸಂಪರ್ಕದೊಳಗೆ ಹೊರಗಿನವರು ಫಲಕ ನೆಡಲಾಗದು. ಸಂಪರ್ಕ ಸುಮ್ಮನೆ ಕಡಿದುಹೋಗುತ್ತದೆ. ತಾಣ ಕೆಟ್ಟಿದೆಯೋ, ಜಾಲ ಕೆಟ್ಟಿದೆಯೋ, ಯಾರಾದರೂ ತಡೆದಿದ್ದಾರೋ ಬಳಕೆದಾರನಿಗೆ ತಿಳಿಯುವುದೇ ಇಲ್ಲ.

ಹೆಸರನ್ನೂ ಮುಚ್ಚುವ ಪ್ರಯತ್ನಗಳು 2018ರಲ್ಲಿ ಕ್ಲೌಡ್‌ಫ್ಲೇರ್ ಮತ್ತು ಮೊಜಿಲ್ಲಾಗಳ ಪ್ರಯೋಗದೊಂದಿಗೆ ಬಳಕೆಗೆ ಬಂದವು. ಅದರ ಸುಧಾರಿತ ರೂಪ ‘ಎನ್‌ಕ್ರಿಪ್ಟೆಡ್ ಕ್ಲೈಂಟ್ ಹಲೋ’, ಅಂದರೆ ಗೂಢಲಿಪಿಯ ನಮಸ್ಕಾರ. ಇದರಲ್ಲಿ ಲಕೋಟೆಗಳು ಎರಡು. ಹೊರಲಕೋಟೆಯ ಮೇಲೆ ಪ್ರಾಕ್ಸಿಯ ಹೆಸರು ಮಾತ್ರ. ನಿಜವಾಗಿ ಬೇಕಾದ ತಾಣದ ಹೆಸರು ಒಳಲಕೋಟೆಯಲ್ಲಿ. ಅದನ್ನು ತೆರೆಯುವ ಕೀಲಿ ಪ್ರಾಕ್ಸಿಯ ಬಳಿ ಮಾತ್ರ ಇರುತ್ತದೆ. ಮುಚ್ಚಲು ಬೇಕಾದ ಜೋಡಿ ಕೀಲಿಯನ್ನು ಬ್ರೌಸರ್ ಮುಂಚಿತವಾಗಿ ಡಿಎನ್‌ಎಸ್ ಎಂಬ ಹೆಸರುಗಳ ಕೋಶದಿಂದ ಪಡೆದುಕೊಂಡಿರುತ್ತದೆ. 2023ರಲ್ಲಿ ಕ್ರೋಮ್, ಫೈರ್‌ಫಾಕ್ಸ್‌ಗಳೆರಡೂ ಇದನ್ನು ಅಳವಡಿಸಿಕೊಂಡವು.

ತಡೆಯುವವರೂ ಸುಮ್ಮನಿಲ್ಲ. ಹಿಂದಿನ ಪ್ರಯೋಗರೂಪವನ್ನು ಬಳಸಿದ ಸಂಪರ್ಕಗಳನ್ನು ಚೀನಾ 2020ರ ಜುಲೈ ಕೊನೆಯಿಂದ ಸಾರಾಸಗಟಾಗಿ ಕಡಿಯತೊಡಗಿತು. ಹೊಸ ರೂಪವನ್ನು ಕ್ಲೌಡ್‌ಫ್ಲೇರ್ ಜಾರಿಗೆ ತಂದದ್ದನ್ನು 2024ರ ನವೆಂಬರಿನಲ್ಲಿ ಆಕ್ಷೇಪಿಸಿದ ರಷ್ಯದ ನಿಯಂತ್ರಣ ಸಂಸ್ಥೆ, ಅದರ ಬಳಕೆ ಬಿಡುವಂತೆ ತಾಣಗಳಿಗೆ ಸೂಚಿಸಿತು.

ಇನ್ನೂ ಒಂದು ಮಾತಿದೆ. ಒಂದೇ ಮನೆಯಿರುವ ಬಾಗಿಲಿಗೆ ಬಂದವರು ಯಾರನ್ನು ನೋಡಲು ಬಂದರೆಂಬುದನ್ನು ಯಾವ ಲಕೋಟೆಯೂ ಮರೆಮಾಡಲಾರದು. ಗುಟ್ಟು ಉಳಿಯುವುದು ಬಾಗಿಲ ಹಿಂದೆ ನೂರಾರು ಮನೆಗಳಿದ್ದಾಗ ಮಾತ್ರ. ಹಿಂದೆ ಶಾಪವಾಗಿದ್ದ ವಠಾರದ ಇಕ್ಕಟ್ಟು ಈಗ ರಕ್ಷಣೆಯಾಗಿದೆ. ಆದರೆ ಅಂಥ ದೊಡ್ಡ ವಠಾರಗಳನ್ನು ನಡೆಸಬಲ್ಲವರು ಕೆಲವೇ ದೊಡ್ಡ ಕಂಪೆನಿಗಳು. ಬಂದವರ ಹೆಸರು ಬೀದಿಗೆ ಕಾಣದಿದ್ದರೂ ಬಾಗಿಲು ಕಾಯುವವನಿಗೆ ಎಲ್ಲವೂ ಕಾಣುತ್ತದೆ. ನಂಬಿಕೆಯನ್ನು ದಾರಿಹೋಕರಿಂದ ತೆಗೆದು ದ್ವಾರಪಾಲಕನ ಕೈಗೆ ಕೊಟ್ಟಂತಾಯಿತೇ ಹೊರತು ನಂಬಿಕೆಯ ಅಗತ್ಯವೇ ಇಲ್ಲವಾಗಲಿಲ್ಲ.

ಪ್ರಮಾಣಪತ್ರಗಳ ಆಯುಸ್ಸೂ ಈಗ ಕಡಿಮೆಯಾಗುತ್ತಿದೆ. 2029ರ ವೇಳೆಗೆ ಯಾವ ಪತ್ರವೂ 47 ದಿನಕ್ಕಿಂತ ಹೆಚ್ಚು ಬಾಳಬಾರದೆಂದು ಪತ್ರ ಕೊಡುವ ಸಂಸ್ಥೆಗಳು ಮತ್ತು ಬ್ರೌಸರ್ ತಯಾರಕರ ವೇದಿಕೆ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದೆ. ಪ್ರತಿ ಡೊಮೈನ್‌ನ ಪತ್ರವನ್ನು ಕೈಯಿಂದ ಬದಲಿಸುವ ಕಾಲ ಮುಗಿಯುತ್ತಾ ಬಂದಿದೆ. ಆ ಕೆಲಸವನ್ನು ಪ್ರಾಕ್ಸಿಗಳೇ ಮಾಡಿಕೊಳ್ಳುವುದು ಈಗಾಗಲೇ ರೂಢಿಗೆ ಬಂದಿದೆ. ಹಾಗೆಂದು ಯಂತ್ರ ತಪ್ಪುವುದಿಲ್ಲವೆಂದಲ್ಲ. ‘ಈ ತಾಣದ ಹೆಸರು ಪ್ರಮಾಣಪತ್ರದೊಂದಿಗೆ ಹೊಂದುತ್ತಿಲ್ಲ’ ಎಂದು ಬ್ರೌಸರ್ ಎಚ್ಚರಿಸಿದಾಗ ಅದು ಕಳ್ಳನ ಕೈವಾಡ ಇರಬಹುದು, ಕಡತದಲ್ಲಿ ಒಂದು ಸಾಲು ತಪ್ಪಿದ ಆಡಳಿತಗಾರನ ಎಡವಟ್ಟೂ ಇರಬಹುದು. ಇವೆರಡರಲ್ಲಿ ಯಾವುದೆಂದು ಹೊರಗೆ ನಿಂತವರು ಹೇಳಲು ಬಾರದು. ಹಣದ ವ್ಯವಹಾರ ಇರುವ ತಾಣವಾದರೆ, ಎಚ್ಚರಿಕೆಯ ಪುಟವನ್ನು ದಾಟಿ ಮುಂದೆ ಹೋಗದೆ ಹಿಂದಿರುಗುವುದೇ ಜಾಣತನ.